ಮಗ್ಗದಿಂದ ಮುದ್ದೆಯ ತಟ್ಟೆಯವರೆಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಮುದ್ದೆ ಉಣ್ಣುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬಿಸಿ ಮುದ್ದೆಯ ಅಂಚಿನಿಂದ ತುತ್ತು ಮುರಿದು, ಹೆಬ್ಬೆರಳಿಗೆ ಉಳಿದ ಬೆರಳು ಸೇರಿಸಿ ಉಂಡೆ ಮಾಡಿ, ಉಪ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ಮಕ್ಕಳೂ ಬಲ್ಲ ಕೆಲಸ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದವರಿಗೆ ಮೊದಲ ತುತ್ತು ಮುರಿಯುವಾಗಲೇ ತಟ್ಟೆ ಜಾರುತ್ತದೆ. ಕುಷ್ಠರೋಗದಿಂದ ಬೆರಳು ಮಡಿಚಿ ಸ್ಪರ್ಶ ಹೋದವರಿಗೆ ಮುದ್ದೆಯ ಬಿಸಿ ತಿಳಿಯುವುದೇ ಇಲ್ಲ; ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳಬೇಕು. ಗಂಟಲಿನ ಸ್ನಾಯು ಸೋತವರಿಗೆ ಅಗಿಯದೆ ನುಂಗುವುದು ಜೀವಕ್ಕೇ ಅಪಾಯ.

ಒಂದು ತುತ್ತನ್ನು ಹೀಗೆ ಬಿಡಿಬಿಡಿಯಾಗಿ ನೋಡುವ ವೃತ್ತಿಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ವಾಸಿಯಾಗದ ಕಾಯಿಲೆ ಇಟ್ಟುಕೊಂಡೇ ಬದುಕಬೇಕಾದವರು ಉಣ್ಣುವುದು, ಮೀಯುವುದು, ಉಡುವುದು, ಬಯಲಿಗೆ ಹೋಗಿಬರುವುದು, ಒಂದಿಷ್ಟು ದುಡಿಯುವುದು ಹೇಗೆ ಎಂಬುದಷ್ಟೇ ಅದರ ಚಿಂತೆ. ಈ ಚಿಂತೆ ಹಳ್ಳಿಯ ಹೊಸ್ತಿಲಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ಹೆಸರು ಹುಟ್ಟಿದ್ದು ಅಮೆರಿಕದಲ್ಲಿ. ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಗೆ ಕ್ಷಯ ತಗುಲಿತ್ತು, ಸಾಲದ್ದಕ್ಕೆ ಎಡಭಾಗ ಬಿದ್ದುಹೋಗಿತ್ತು. ತೋಟದ ಕೆಲಸ, ಮರಗೆಲಸ ಮಾಡುತ್ತಲೇ ಆತ ಚೇತರಿಸಿಕೊಂಡ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನ ತನ್ನ ಮನೆಯಲ್ಲಿ ಕೆಲವರನ್ನು ಸೇರಿಸಿ ಸಂಘ ಕಟ್ಟಿದ. ಆ ಗುಂಪಿನಲ್ಲಿದ್ದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಮನೋರೋಗಿಗಳ ದಿನಚರಿಯನ್ನೇ ಚಿಕಿತ್ಸೆಯಾಗಿ ರೂಪಿಸಿದವರು. ಅದೇ ಹೊತ್ತಿಗೆ ಮಹಾಯುದ್ಧದಿಂದ ಕೈಕಾಲು ಕಳೆದುಕೊಂಡು ಮರಳಿದ ಸೈನಿಕರು ಈ ವಿದ್ಯೆಗೆ ಬೇಡಿಕೆ ತಂದರು.

ಮೈಸೂರು ಸಂಸ್ಥಾನದಲ್ಲಿ ಇದರ ನೆರಳು ಮೊದಲು ಕಂಡದ್ದು ಬೆಂಗಳೂರಿನಲ್ಲಿ. ಅಲ್ಲಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1930ರ ದಶಕದಲ್ಲಿ ಅದು ವಿಶಾಲವಾದ ಹೊಸ ಜಾಗಕ್ಕೆ ಹೋಯಿತು. ಅಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ತೋಟ, ನೇಯ್ಗೆಯಂಥ ಕೆಲಸಗಳು ರೋಗಿಗಳ ದಿನವನ್ನು ತುಂಬುತ್ತಿದ್ದವು. ಗೋಡೆ ನೋಡುತ್ತ ಕೂತಿರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಹುಣಸೂರಿನ ರೈತನೊಬ್ಬ ಅಲ್ಲಿ ನೇಯ್ಗೆ ಕಲಿತು ಊರಿಗೆ ಮರಳಿದರೆ ಮನೆಯಲ್ಲಿ ಮಗ್ಗವೆಲ್ಲಿ? ಅವನಿಗೆ ಬೇಕಾದದ್ದು ನೇಗಿಲ ಹಿಂದೆ ನಡೆಯುವ ಕಾಲು, ದನಕ್ಕೆ ಹುಲ್ಲು ಹಾಕುವ ನೆನಪು, ಸಂತೆಯಲ್ಲಿ ನಾಲ್ಕು ಜನರ ನಡುವೆ ನಿಲ್ಲುವ ಧೈರ್ಯ. ಆಸ್ಪತ್ರೆಯ ಕಸುಬು ಆಸ್ಪತ್ರೆಯ ಗೇಟಿನಲ್ಲೇ ಉಳಿಯುವಂಥದ್ದು ಎಂಬುದು ಆ ಕಾಲದ ದೊಡ್ಡ ಕೊರತೆ.

ಆಕ್ಯುಪೇಷನಲ್ ಥೆರಪಿಯನ್ನು ಓದಿ ಕಲಿಯುವ ವಿದ್ಯೆಯಾಗಿ ಭಾರತಕ್ಕೆ ತಂದವರು ಕಮಲಾ ನಿಂಬ್ಕರ್. ಅಮೆರಿಕದ ಕ್ವೇಕರ್ ಪಂಥದ ಮನೆತನದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲಿ ಅವರು ತೆರೆದದ್ದು ಏಷ್ಯಾದಲ್ಲೇ ಈ ವಿಷಯದ ಮೊದಲ ಶಾಲೆ. 1952ರಲ್ಲಿ ದೇಶದ ಥೆರಪಿಸ್ಟರ ಸಂಘ ಹುಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟ ಸ್ಥಾಪಿಸಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಯಿತು.

ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಹತ್ತಿರದ ಪಾಠ ಬಂದದ್ದು ವೆಲ್ಲೂರಿನಿಂದ. ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅಲ್ಲಿ 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಮಡಿಚಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಬೆರಳು ಕೊಳೆಯುವುದಕ್ಕೆ ರೋಗ ನೇರ ಕಾರಣವಲ್ಲ, ನೋವೇ ತಿಳಿಯದ ಕೈಗೆ ದಿನವೂ ಆಗುವ ಸುಟ್ಟಗಾಯ, ಕೊಯ್ತ, ಒತ್ತಡಗಳೇ ಕಾರಣ ಎಂದು ಅವರು ಕಂಡುಕೊಂಡರು. ಕೈ ನೆಟ್ಟಗಾದವರು ಊರಿಗೆ ಹೋಗಿ ಮತ್ತೆ ಗಾಯ ಮಾಡಿಕೊಂಡು ಬರುತ್ತಿದ್ದರು. ಅದಕ್ಕಾಗಿ ಹುಟ್ಟಿದ ನವಜೀವನ ಕೇಂದ್ರದಲ್ಲಿ ಮರಗೆಲಸ ಕಲಿಸುವಾಗಲೇ ಉಪಕರಣ ಎಷ್ಟು ಬಿಗಿಯಾಗಿ ಹಿಡಿಯಬೇಕು, ದಿನದ ಕೊನೆಗೆ ಅಂಗೈಯನ್ನು ಹೇಗೆ ಕಣ್ಣಿಟ್ಟು ನೋಡಬೇಕು ಎಂದು ಕಲಿಸಿದರು. ಬಿಸಿ ಲೋಟಕ್ಕೆ ಬಟ್ಟೆ ಸುತ್ತುವುದು, ಸೌಟಿಗೆ ಮರದ ಹಿಡಿ ಹಾಕುವುದು, ಬರಿಗೈಯಲ್ಲಿ ಒಲೆಯ ಸೌದೆ ಮುಟ್ಟದಿರುವುದು ಕುಷ್ಠರೋಗ ನಿಯಂತ್ರಣದ ಕೆಲಸಗಾರರು ಮನೆಮನೆಗೆ ಹೇಳುವ ಮಾತಾಯಿತು. ಖರ್ಚಿಲ್ಲದ ಈ ಮಾತುಗಳು ಎಷ್ಟೋ ಬೆರಳುಗಳನ್ನು ಉಳಿಸಿದವು.

1978ರ ಆಲ್ಮಾ ಅಟಾ ಆರೋಗ್ಯ ಸಮ್ಮೇಳನದ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯನ್ನು ಮುಂದಿಟ್ಟಿತು. ರೋಗಿಯನ್ನು ನಗರಕ್ಕೆ ಕರೆಯುವ ಬದಲು ಊರಿನವರಿಗೇ ತರಬೇತಿ ಕೊಡುವ ದಾರಿ ಅದು.

ಎಚ್.ಡಿ. ಕೋಟೆಗೆ ಅಂಥ ದಾರಿಯ ಅಗತ್ಯ ತುಂಬ ಇತ್ತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಊರುಗಳನ್ನು ಮುಳುಗಿಸಿತ್ತು. ಕಾಡು ರಾಷ್ಟ್ರೀಯ ಉದ್ಯಾನವಾಗುತ್ತಿದ್ದಂತೆ ಜೇನುಕುರುಬರು, ಕಾಡುಕುರುಬರು ಎಂಬ ಬುಡಕಟ್ಟಿನವರು ತಮ್ಮ ವಸತಿಯಾದ ಹಾಡಿ ಬಿಟ್ಟು ಬರಬೇಕಾಯಿತು. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1987ರಲ್ಲಿ ಬ್ರಹ್ಮಗಿರಿ ಹಾಡಿಯಿಂದ ಕೆಲಸ ಶುರುಮಾಡಿತು. ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆಗಳು ಎದ್ದವು. ಅಂಗವಿಕಲರ ಪುನರ್ವಸತಿಯೂ ಅದರ ಕೆಲಸಕ್ಕೆ ಸೇರಿತು.

ಹಳ್ಳಿಮನೆಯಲ್ಲಿ ಈ ಕೆಲಸದ ಸಾಮಾನು ಬಲು ಸರಳ. ಅಂಗಳದಲ್ಲಿ ಎರಡು ಸಾಲು ಬಿದಿರು ನೆಟ್ಟರೆ ನಡಿಗೆ ಕಲಿಯುವ ಆಸರೆ. ಮಂಚದ ಕಾಲಿಗೆ ಗಂಟು ಗಂಟಾದ ಹಗ್ಗ ಕಟ್ಟಿದರೆ ಲಕ್ವ ಹೊಡೆದವರು ಸರಿಯಿರುವ ಕೈಯಲ್ಲಿ ಎಳೆದುಕೊಂಡು ತಾವೇ ಎದ್ದು ಕೂರಬಹುದು. ಚಮಚದ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದರೆ ಬಿಗಿಯಾಗದ ಮುಷ್ಟಿಗೂ ಸಿಗುತ್ತದೆ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ದುಂಡಗೆ ಕೊರೆದು ಕಕ್ಕಸಿನ ಮೇಲಿಟ್ಟರೆ ಸೊಸೆಯನ್ನೋ ಮಗನನ್ನೋ ಕೂಗುವ ಸಂಕೋಚ ತಪ್ಪುತ್ತದೆ. ಈ ಕೊನೆಯದನ್ನು ಚಿಕ್ಕ ವಿಷಯ ಎನ್ನಬಾರದು. ಯಾರನ್ನೂ ಎಬ್ಬಿಸಬಾರದೆಂದು ರಾತ್ರಿ ನೀರು ಕುಡಿಯುವುದನ್ನೇ ಬಿಡುವ ಮುದುಕರಿದ್ದಾರೆ.

ದುಡಿಮೆಯ ಲೆಕ್ಕ ಬೇರೆ. ಈ ನಾಲ್ಕೂ ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿಯುವುದು, ಹೊರುವುದು, ಸೊಪ್ಪು ಹದಗೊಳಿಸುವ ಬ್ಯಾರನ್ನಿನೊಳಗೆ ಅಟ್ಟ ಹತ್ತಿ ಕಡ್ಡಿ ಏರಿಸುವುದು ಗಟ್ಟಿ ಕಾಲಿನವರ ಕೆಲಸ. ಕಡ್ಡಿಗೆ ಸೊಪ್ಪು ಕಟ್ಟುವುದು ಮಾತ್ರ ಕೂತು ಮಾಡುವಂಥದ್ದು. ಹಾಗಾಗಿ ಕಾಲು ಸೋತವರಿಗೂ ಅದರಲ್ಲಿ ಪಾಲಿದೆ. ಆದರೆ ಹಸಿ ಎಲೆಯ ನಿಕೋಟಿನ್ ಚರ್ಮದಿಂದ ಮೈಗಿಳಿದು ವಾಂತಿ, ತಲೆಸುತ್ತು ತರುತ್ತದೆ; ಮೊದಲೇ ಸೊರಗಿದ ದೇಹಕ್ಕೆ ಇಂಥ ಕೆಲಸ ಒದಗಿಸಿ ಪುನರ್ವಸತಿ ಎನ್ನುವುದು ಸರಿಯಲ್ಲ.

1995ರ ಅಂಗವಿಕಲರ ಕಾಯ್ದೆಯ ನಂತರದ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಎಂಬ ಏರ್ಪಾಡು ಮಾಡಿತು. ಗೌರವಧನಕ್ಕೆ ದುಡಿಯುವ ಈ ಕಾರ್ಯಕರ್ತರು ಅಂಗವಿಕಲರೇ. ಯಾರ ಮನೆಯ ಮೆಟ್ಟಿಲು ಎಷ್ಟೆತ್ತರ ಎಂದು ಬಲ್ಲವರು. ಅವರ ಹೊತ್ತಿನ ಬಹುಪಾಲು ಮಾಸಾಶನ, ಗುರುತಿನ ಚೀಟಿಗಳ ಓಡಾಟಕ್ಕೇ ಸಲ್ಲುತ್ತದೆ. ಅವರ ಬೆನ್ನಿಗೆ ತಾಲ್ಲೂಕು ಆಸ್ಪತ್ರೆಯಲ್ಲೊಬ್ಬ ಥೆರಪಿಸ್ಟ್ ನಿಂತರೆ ಬಿದಿರು, ಹಗ್ಗ, ಕುರ್ಚಿಗಳ ವಿದ್ಯೆ ಊರೂರಿಗೆ ಮುಟ್ಟೀತು. 2021ರ ಅಲೈಡ್ ಹೆಲ್ತ್ ವೃತ್ತಿಗಳ ಕಾಯ್ದೆ ಆಕ್ಯುಪೇಷನಲ್ ಥೆರಪಿಗೂ ರಾಷ್ಟ್ರಮಟ್ಟದ ಮಾನ್ಯತೆ ಕೊಟ್ಟಿದೆ.

ಹಾಡಿಗಳಲ್ಲಿ ಇನ್ನೊಂದು ಹಳೆಯ ಕಾಯಿಲೆಯಿದೆ. ಎಚ್.ಡಿ. ಕೋಟೆಯಿಂದ ಬಹಳ ದೂರವಿಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲಿ ಭಾರತದ ಸಿಕಲ್ ಸೆಲ್ ರೋಗ ಮೊದಲು ಪತ್ತೆಯಾಯಿತು. ಜೇನುಕುರುಬರು, ಯರವರು ಮೊದಲಾದವರಲ್ಲೂ ಅದು ಕಂಡುಬಂದಿದೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ನಾಳ ಕಟ್ಟಿಸಿ ಮೂಳೆ ಮೂಳೆಯಲ್ಲಿ ನೋವು ಎಬ್ಬಿಸುತ್ತವೆ. ಕೆಲವರಿಗೆ ಸೊಂಟದ ಕೀಲೇ ಸವೆದುಹೋಗುತ್ತದೆ. ಚಳಿ, ಬಾಯಾರಿಕೆ, ಅತಿ ದಣಿವು ನೋವನ್ನು ಕೆರಳಿಸುತ್ತವಾದ್ದರಿಂದ ಕೆಲಸದ ನಡುವೆ ನೀರು, ವಿರಾಮ, ಬೆಚ್ಚನೆ ಬಟ್ಟೆ ಹೊಂದಿಸಿಕೊಳ್ಳುವುದು ಮಾತ್ರೆಯಷ್ಟೇ ಮುಖ್ಯ. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರಿಗೆ ಇಂಥ ವಿರಾಮ ದಿನಗೂಲಿಯನ್ನೇ ಕಡಿಮೆ ಮಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿ ಸಿಕಲ್ ಸೆಲ್ ರೋಗವನ್ನೂ ಸೇರಿಸಿತು. ಹಾಡಿಯ ಹುಡುಗನೊಬ್ಬ ಅದರ ಮೇಲೆ ಗುರುತಿನ ಚೀಟಿ ಪಡೆಯಬಹುದು. ಆದರೆ ಅದೇ ಕಾಯ್ದೆ ಸರ್ಕಾರಿ ಕೆಲಸಕ್ಕಿಟ್ಟ ಶೇಕಡಾ ನಾಲ್ಕರ ಮೀಸಲಾತಿಯಲ್ಲಿ ರಕ್ತದ ಕಾಯಿಲೆಗಳಿಗೆ ಜಾಗ ಕೊಟ್ಟಿಲ್ಲ. ಕೂತು ಮಾಡುವ ಕೆಲಸ ಯಾರಿಗಿಂತಲೂ ಹೆಚ್ಚು ಬೇಕಾದ ಆ ಹುಡುಗ ಮತ್ತೆ ತೋಟದ ಜೀಪು ಹತ್ತಬೇಕು.