ಪೊರಕೆ ಕೆಳಗಿಟ್ಟರೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದರ ಕ್ರಿಮಿ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಸಿಕ್ಕಿತ್ತು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಅಂತ ಫ್ರೆಂಚ್ ವೈದ್ಯ ಸಿಮೊಂಡ್ ತೋರಿಸಿದ್ದು 1898ರಲ್ಲಿ. ಅಲ್ಲಿಯ ತನಕ ಅಧಿಕಾರಿಗಳ ಕಣ್ಣಿಗೆ ಬಿದ್ದ ಶತ್ರು ಹೊಲಸೊಂದೇ. ಚರಂಡಿಗೆ ಸಮುದ್ರದ ನೀರು, ಕಾರ್ಬಾಲಿಕ್ ಸುರಿಸಿದರು. ಬಡವರ ಮನೆಗೆ ಸುಣ್ಣ ಬಳಿಸಿದರು, ಬೆಳಕು ಬರಲಿ ಅಂತ ಮಾಡು ಕೀಳಿಸಿದರು.

ಸರಿ, ಆ ಹೊಲಸು ಎತ್ತಬೇಕಾದವರು ಯಾರು? ಹಲಾಲ್‌ಖೋರರು. ಮನೆಮನೆಯ ಕಕ್ಕಸು ಬಳಿದು ಬುಟ್ಟಿಯಲ್ಲಿ ಹೊರುತ್ತಿದ್ದವರಿಗೆ ಮುಂಬಯಿಯಲ್ಲಿ ಅದೇ ಹೆಸರು. ನ್ಯಾಯವಾಗಿ ದುಡಿದು ತಿನ್ನುವವನು ಅಂತ ಆ ಮಾತಿನ ಅರ್ಥ! ಅವರ ಹೆಸರಿನಲ್ಲಿ ಮುನಿಸಿಪಾಲಿಟಿ ತೆರಿಗೆಯನ್ನೂ ಎತ್ತುತ್ತಿತ್ತು. ಅವರ ಹೆಸರು ತೆರಿಗೆ ಪುಸ್ತಕಕ್ಕೆ ಬೇಕು, ಮೈ ಮಾತ್ರ ಮೈಲಿಗೆ.

ಅಕ್ಟೋಬರಿನಲ್ಲಿ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಹುಕುಂ ಬಂತು. ಊರು ದಿಗಿಲುಬಿತ್ತು. ಗಿರಣಿ ಕೂಲಿಗಳು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ತಿಂಗಳ ಕೊನೆಗೆ ಮುನಿಸಿಪಲ್ ಕಮಿಷನರ್ ಸ್ನೋ ಹುಕುಮನ್ನು ಸಡಿಲಿಸಿದ. ಹಲಾಲ್‌ಖೋರರೂ ಕಸ ಗುಡಿಸುವವರೂ ಊರು ಬಿಟ್ಟರೆ ಏನು ಗತಿ ಅನ್ನುವುದೂ ಅವನ ಭಯಗಳಲ್ಲಿ ಒಂದು.

ಇದನ್ನು ನಾವು ಮರೆಯಬಾರದು. ಸುಮಾರು 8 ಲಕ್ಷ ಜನರ ಆ ನಗರದಿಂದ 1897ರ ಮೊದಲ ತಿಂಗಳುಗಳೊಳಗೆ ಹತ್ತಿರ ಹತ್ತಿರ ಅರ್ಧ ಜನ ಓಡಿಹೋದರು. ವ್ಯಾಪಾರಿ ಹೋದರೆ ಅಂಗಡಿ ಮುಚ್ಚೀತು. ಗುಡಿಸುವವರು ಪೊರಕೆ ಕೆಳಗಿಟ್ಟರೆ ನಗರವೇ ಮುಚ್ಚಬೇಕು. ಇದು ಆಳುವವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಕೈಗಳನ್ನು ಬುಟ್ಟಿಗೇ ಕಟ್ಟಿಹಾಕಿದರು.

ರೈಲಿನ ದಾರಿ ಹಿಡಿದ ಪ್ಲೇಗು 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಿಗೂ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಉಳ್ಳವರು ಮಲ್ಲೇಶ್ವರ, ಬಸವನಗುಡಿಗಳಲ್ಲಿ ಗಾಳಿ ಬೆಳಕಿನ ಮನೆ ಕಟ್ಟಿಕೊಂಡರು. ಆ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಅಂತ ಒಂದು ಓಣಿ ಬಿಟ್ಟರು. ಕಕ್ಕಸು ಬಳಿಯುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಬೇಕು. ನೈರ್ಮಲ್ಯದ ನಕ್ಷೆಯೊಳಗೇ ಜಾತಿಯ ಗೆರೆಯನ್ನೂ ಎಳೆದರು.

ಪ್ಲೇಗಿಗೆ ಹಾಫ್‌ಕಿನ್ 1897ರಲ್ಲೇ ಮುಂಬಯಿಯಲ್ಲಿ ಲಸಿಕೆ ತಯಾರಿಸಿದ. ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕು ಅನ್ನಲು ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಬೇಕಾಯಿತು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಇವತ್ತಿಗೂ ನಮ್ಮವರು ಮ್ಯಾನ್‌ಹೋಲಿನೊಳಗೆ ಉಸಿರುಗಟ್ಟಿ ಸಾಯುತ್ತಿದ್ದಾರೆ.

ನಗರಗಳ ಆರೋಗ್ಯದ ಚರಿತ್ರೆಯಲ್ಲಿ ಡಾಕ್ಟರರ ಹೆಸರಿರಲಿ, ಬೇಡ ಅನ್ನುವುದಿಲ್ಲ. ಬುಟ್ಟಿ ಹೊತ್ತವರ ಲೆಕ್ಕ ಅದರ ಮೊದಲ ಪುಟದಲ್ಲಿರಬೇಕು. ಅದನ್ನು ನಾವೇ ಬರೆಯಬೇಕು.