ಮನೆಯೊಳಗಣ ಕೋವಿ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಮಲೆನಾಡಿನ ಪೇಟೆಯೊಂದರಲ್ಲಿ ಅವನದು ಅಡಿಕೆ ಮಂಡಿ. ಕುಶಲಪ್ರಶ್ನೆಗಳೆಲ್ಲ ಆದ ಮೇಲೆ ಜೇಬಿನಿಂದ ಒಂದು ಕಾಗದವನ್ನು ತೆಗೆದು, "ಪಿಸ್ತೂಲಿಗೆ ಲೈಸನ್ಸು ಸಿಕ್ಕಿತು ಸಾರ್. ಮುಂದಿನ ತಿಂಗಳು ಕೊಳ್ಳಬೇಕೆಂದಿದ್ದೇನೆ" ಎಂದನು. ಸಂಜೆ ಮಂಡಿ ಮುಚ್ಚಿ ಹಣದ ಚೀಲದೊಡನೆ ಹೊರಡುವವನು, ದಾರಿಯುದ್ದಕ್ಕೂ ಕಾಡು. ಅವನ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು? "ಮನೆಯಲ್ಲಿ ಅದನ್ನು ಎಲ್ಲಿಡುತ್ತೀಯಪ್ಪ?" ಎಂದು ಕೇಳಿದೆ. "ದಿಂಬಿನ ಕೆಳಗೆ ಸಾರ್. ಬೇಕಾದಾಗ ಕೈಗೆ ಸಿಗಬೇಕಲ್ಲ" ಎಂದನು. ಅವನಿಗೆ ಆರು ವರ್ಷದ ಮಗನೂ ಮೂರು ವರ್ಷದ ಮಗಳೂ ಇದ್ದಾರೆ.

ಅವನು ಕಾಫಿ ಕುಡಿದು ಹೊರಟುಹೋದ. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಕೋವಿಯ ಚರಿತ್ರೆಯೆಂದರೆ ನಾವು ಮಕ್ಕಳಿಗೆ ಹೇಳಿಕೊಡುವುದು ಯುದ್ಧದ ಚರಿತ್ರೆಯನ್ನು. ರಣರಂಗದಿಂದ ಮನೆಗೆ ಬಂದು, ಗೋಡೆಗೆ ನೇತುಬಿದ್ದು, ಹೆಂಗಸರು ಮಕ್ಕಳ ನಡುವೆ ವಾಸಮಾಡಿದ ಕೋವಿಗೂ ಒಂದು ಚರಿತ್ರೆ ಉಂಟು. ಅದನ್ನು ಬರೆದವರು ಕಡಮೆ.

ಪದಗಳಿಂದಲೇ ಮೊದಲುಮಾಡೋಣ, ಪಂಡಿತನ ಚಾಳಿ, ವಾಚಕರು ಮನ್ನಿಸಬೇಕು. ಬಂದೂಕು ನಮಗೆ ಅರಬರ ಕಡೆಯಿಂದ ಬಂದ ಮಾತು. ತುಪಾಕಿ ತುರುಕಿಯದು. ಪಿಸ್ತೂಲು ಯೂರೋಪಿನದು. ಕೋವಿ ಮಾತ್ರ ನಮ್ಮದೇ. ಕೋವಿಯೆಂದರೆ ಮೂಲದಲ್ಲಿ ಕೊಳವೆ. ಹೊಸ ಆಯುಧವನ್ನು ಕಂಡ ನಮ್ಮ ಹಿರಿಯರು ಅದರ ನಳಿಗೆಯನ್ನು ನೋಡಿ ಇದ್ದ ಹೆಸರನ್ನೇ ಕೊಟ್ಟರು. ಇನ್ನೂ ಸೋಜಿಗವಾದುದು ಮದ್ದು ಎಂಬ ಶಬ್ದ. ಕಾಯಿಲೆಯನ್ನು ಕಳೆಯುವುದೂ ಮದ್ದು, ಕೋವಿಯಲ್ಲಿ ಸಿಡಿಯುವುದೂ ಮದ್ದು. ಎರಡನ್ನೂ ಮಕ್ಕಳ ಕೈಗೆಟುಕದಂತೆ ಇಡಬೇಕೆಂಬುದು ಆ ಒಂದೇ ಮಾತಿನಲ್ಲಿ ಅಡಗಿದೆಯೋ ಏನೋ.

ಮನೆಯಲ್ಲಿದ್ದ ಆಯುಧದ ಮೇಲೆ ಸರಕಾರದ ದೃಷ್ಟಿ ನೆಟ್ಟುದು ೧೮೫೭ರ ದಂಗೆಯ ಕಾಲದಲ್ಲಿ. ಆ ವರ್ಷವೇ ಕಂಪೆನಿ ಸರಕಾರವು ಆಯುಧಗಳನ್ನು ಕುರಿತು ಶಾಸನವನ್ನು ಹೊರಡಿಸಿತು; ಜನರು ತಮ್ಮಲ್ಲಿದ್ದ ಹತಾರಗಳನ್ನು ತಂದೊಪ್ಪಿಸಬೇಕು, ಇಲ್ಲವೆ ಅಪ್ಪಣೆ ಪಡೆಯಬೇಕು ಎಂದಾಯಿತು. ಈ ಅಪ್ಪಣೆ ಮುಧೋಳ ಸಂಸ್ಥಾನದ ಹಲಗಲಿಗೂ ಬಂದಿತು. ಹಲಗಲಿಯ ಬೇಡರಿಗೆ ಬೇಟೆ ವೃತ್ತಿ. ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಅವರು ಕೊಡಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಬಿದ್ದಿತು, ಡಿಸೆಂಬರಿನಲ್ಲಿ ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಕಾರರು ಊರೂರಿಗೆ ಹಾಡಿಕೊಂಡು ಹೋದರು. ಅದನ್ನು ಬರಹಕ್ಕಿಳಿಸಿ ಅಚ್ಚುಹಾಕಿಸಿದವನು ಶಾಸನತಜ್ಞನಾದ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಆ ಲಾವಣಿಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದುವಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುತ್ತಾರೆ.

ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಕನ್ನಡ ನಾಡಿನ ತೆಂಕಣ ಅಂಚಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಸಂಗತಿ ನಡೆಯಿತು. ೧೮೬೦ರಲ್ಲಿ ಆಯುಧಗಳನ್ನು ಕಸಿದುಕೊಳ್ಳುವ ಇನ್ನೊಂದು ಶಾಸನ ಬಂದಿತ್ತು. ೧೮೬೧ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ಈ ಶಾಸನವು ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಪ್ರಕಟಿಸಿದರು. ಅವರ ಶೌರ್ಯವನ್ನೂ ಸರಕಾರಕ್ಕೆ ಅವರು ಮಾಡಿದ್ದ ಸಹಾಯವನ್ನೂ ಕಾರಣವಾಗಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಉದ್ಯಾನದ ಹೆಸರಿನ ಮಹನೀಯರೇ ಇವರು. ಸ್ವದೇಶಕ್ಕೆ ಹೊರಟು ಅದೇ ಏಪ್ರಿಲಿನಲ್ಲಿ ದಾರಿಯಲ್ಲೇ, ಸೂಯೆಜಿನಲ್ಲಿ, ತೀರಿಕೊಂಡರು. ಅವರ ಕೊನೆಯ ಕಾರ್ಯಗಳಲ್ಲೊಂದು ಕೊಡಗಿನ ಮನೆಯ ಗೋಡೆಯ ಮೇಲಿನ ಕೋವಿಯನ್ನು ಅಲ್ಲಿಯೇ ಉಳಿಸಿದುದು.

ಒಬ್ಬರ ಕೋವಿಗೆ ಗಲ್ಲು, ಒಬ್ಬರ ಕೋವಿಗೆ ಗೌರವ. ಆಳುವವರಿಗೆ ಬೇಕಾದುದು ಇವರು ನಮ್ಮ ಕಡೆಯವರೋ ಅಲ್ಲವೋ ಎಂಬ ಒಂದೇ ಉತ್ತರ. ೧೮೭೮ರಲ್ಲಿ ಲಿಟ್ಟನ್ ಪ್ರಭುವಿನ ಕಾಲದ ಆಯುಧ ಶಾಸನ ಇನ್ನೂ ಬಿಗಿಯಾಯಿತು: ದೇಶದವನಿಗೆ ಪರವಾನಗಿ ಬೇಕು, ಯೂರೋಪಿನವನಿಗೆ ವಿನಾಯಿತಿ. ಈ ಅವಮಾನವನ್ನು ನಮ್ಮ ನಾಯಕರು ಮರೆಯಲಿಲ್ಲ. ೧೯೩೦ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿ ಕೊಡಬೇಕೆಂಬುದೂ ಒಂದು! ಅಹಿಂಸೆಯ ಆಚಾರ್ಯರೇ ಹೀಗೆ ಕೇಳಿದರೆಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರ ಡಿಸೆಂಬರಿನಲ್ಲಿ, ಆಯುಧವಿಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕಾಗಿ ಸಂವಿಧಾನಕ್ಕೆ ಸೇರಿಸಬೇಕೆಂಬ ಮಾತು ರಾಜ್ಯಾಂಗ ಸಭೆಯಲ್ಲಿ ಬಂದಿತು. ಹಾಗೆ ಸೂಚಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ, ಸೂಚನೆ ಬಿದ್ದುಹೋಯಿತು. ಹಳೆಯ ಶಾಸನದ ಬದಲು ೧೯೫೯ರಲ್ಲಿ ನಮ್ಮದೇ ಆಯುಧ ಶಾಸನವಾಗಿ, ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಜಾತಿ ಬಣ್ಣಗಳ ಭೇದ ಹೋಯಿತು, ಪರವಾನಗಿ ಉಳಿಯಿತು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದ್ದ ವಿನಾಯಿತಿಯೂ ಉಳಿಯಿತು. ಅದರ ವಿರುದ್ಧ ಹೂಡಿದ ಅರ್ಜಿಯನ್ನು ೨೦೨೧ರಲ್ಲಿ ಕರ್ನಾಟಕದ ಹೈಕೋರ್ಟು ತಳ್ಳಿಹಾಕಿತು. ಕೇಂದ್ರ ಸರಕಾರ ೨೦೧೯ರಲ್ಲಿ ಕೊಟ್ಟ ಆಜ್ಞೆಯಂತೆ ಅದು ೨೦೨೯ರ ಅಕ್ಟೋಬರ್‌ವರೆಗೆ ನಡೆಯತಕ್ಕದ್ದು.

ಇಷ್ಟೂ ಕೋವಿ ಯಾರಲ್ಲಿರಬೇಕೆಂಬ ವಾದದ ಚರಿತ್ರೆ. ಮನೆಯಲ್ಲಿ ಅದು ಎಲ್ಲಿರಬೇಕು ಎಂಬುದನ್ನು ನಾನು ಅರಿತುದು ಶಾಸನದಿಂದಲ್ಲ. ನನ್ನ ಮೊದಲ ನೌಕರಿ ಕೊಡಗಿನ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿಯ ಮನೆಗಳು ಒಂದರಿಂದೊಂದು ದೂರ. ನಡುವೆ ಗದ್ದೆ, ತೋಟ, ಗುಡ್ಡ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಮೊದಲ ಸಲ ಮಧ್ಯರಾತ್ರಿ ಎರಡು ಗುಂಡು ಕೇಳಿ ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ಮನೆಯ ಯಜಮಾನರು ಆಗಲೇ ಅಂಗಿ ತೊಟ್ಟು ಹೊರಟಿದ್ದರು. ಟೆಲಿಫೋನಿಲ್ಲದ ಕಾಲದಲ್ಲಿ ಆ ನಾಡಿನ ಸುದ್ದಿಯನ್ನು ಬಿತ್ತರಿಸಿದುದು ಕೋವಿಯೇ. ನಮ್ಮ ರೇಡಿಯೋವನ್ನು ನೆನೆದು ಹೇಳುತ್ತೇನೆ: ಒಂದು ಕಾಲಕ್ಕೆ ಅದಕ್ಕೂ ಅಂಚೆ ಕಛೇರಿಯಲ್ಲಿ ವರ್ಷವರ್ಷ ಲೈಸನ್ಸು ಕಟ್ಟಬೇಕಾಗಿತ್ತು. ಕೊಡಗಿನ ಮನೆಯಲ್ಲಿ ರೇಡಿಯೋವಿಗೆ ಲೈಸನ್ಸು, ಕೋವಿಗೆ ಇಲ್ಲ!

ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ಮೊದಲಿಗೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ತೊಳೆದು ಒರೆಸಿ ದೇವರ ಕೋಣೆಯಲ್ಲೋ ದೀಪದ ಮುಂದೆಯೋ ಇರಿಸಿ, ಚಂದನವಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಬೆಂಕಿಯ ನಾಲಗೆಯಂಥ ಎಸಳುಗಳ ಆ ಹೂವನ್ನು ಸಂಸ್ಕೃತದಲ್ಲಿ ಅಗ್ನಿಶಿಖೆ ಎನ್ನುತ್ತಾರೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಇದನ್ನು ಆಡಂಬರವೆಂದು ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ವರ್ಷಕ್ಕೊಮ್ಮೆಯಾದರೂ ಮನೆಯ ಆಯುಧವೆಲ್ಲ ಒಂದೆಡೆ ಕೂಡಿ, ಎಲ್ಲರ ಕಣ್ಣಿಗೆ ಬಿದ್ದು, ಹಿರಿಯರ ಕೈಯಿಂದ ಕಿರಿಯರ ಕೈಗೆ ನಿಯಮದೊಡನೆ ದಾಟುತ್ತದೆ.

ಆದರೆ ಆ ಹಬ್ಬದ ಹಿಂದಿನ ದಿನವೇ ನನ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೈಯನ್ನು ಕೆಡಿಸಿಕೊಂಡ. ಒರೆಸಲೆಂದು ಜೋಡುನಳಿಗೆಯ ಕೋವಿಯನ್ನು ಗೋಡೆಯಿಂದ ಇಳಿಸಿದ್ದರು. ಚಿಕ್ಕಪ್ಪನ ಮಗ ಅದನ್ನೆತ್ತಿಕೊಂಡು ಕುದುರೆಯನ್ನು ಎಳೆದು ನೋಡಿದ. ಖಾಲಿಯೆಂದು ಎಲ್ಲರೂ ತಿಳಿದಿದ್ದರು. ಒಂದು ನಳಿಗೆಯಲ್ಲಿ ತೋಟಾ ಇತ್ತು. ಹುಡುಗನ ಬಲಗೈಯ ಎರಡು ಬೆರಳು ಹೋದುವು. ನೋಡಲು ಹೋದಾಗ ಅವನ ಅಜ್ಜ ಜಗಲಿಯಲ್ಲಿ ಕುಳಿತಿದ್ದರು. "ಮಾಷ್ಟ್ರೇ, ಕೋವಿಯದೇನೂ ತಪ್ಪಿಲ್ಲ. ಕಾಡುಹಂದಿ ಕಾಯ್ದು ಬಂದ ಮೇಲೆ ತೋಟಾ ತೆಗೆದಿಡೋದು ನನ್ನ ಕೆಲಸ. ಅರವತ್ತು ವರ್ಷ ತೆಗೆದಿಟ್ಟಿದ್ದೆ. ಆ ಒಂದು ರಾತ್ರಿ ಮರೆತೆ" ಎಂದರು. ಮತ್ತೆ ಏನನ್ನೂ ಹೇಳಲಿಲ್ಲ. ಆ ಹುಡುಗ ಎಡಗೈಯಲ್ಲಿ ಬರೆಯುವುದನ್ನು ಕಲಿತು ಹತ್ತನೆಯ ತರಗತಿ ಪಾಸಾದ. ಅವನ ಕನ್ನಡ ಉತ್ತರಪತ್ರಿಕೆಯ ಅಕ್ಷರಗಳು ಹಿಂದಕ್ಕೆ ವಾಲಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗೋಡೆಯ ಮೇಲಿನ ಉದ್ದದ ಕೋವಿಯಾದರೂ ಕಾಣುತ್ತದೆ. ಅದು ಅಲ್ಲಿಲ್ಲವೆಂದರೆ ಮನೆಗೆ ಬಂದ ನೆಂಟರಿಗೂ ಗೊತ್ತಾಗುತ್ತದೆ. ಪಿಸ್ತೂಲಿನ ಗುಣ ಬೇರೆ; ಅಡಗುವುದೇ ಅದರ ಸ್ವಭಾವ. ದಿಂಬಿನ ಕೆಳಗೆ, ಮೇಜಿನ ಡ್ರಾಯರಿನಲ್ಲಿ, ಬೀರುವಿನ ಸೀರೆಗಳ ನಡುವೆ ಅದು ಹೊಂದಿಕೊಂಡುಬಿಡುತ್ತದೆ. ಚಿಕ್ಕದಾದುದರಿಂದ ಚಿಕ್ಕ ಕೈಗೂ ಒಗ್ಗುತ್ತದೆ. ಹಿರಿಯರು ಬಚ್ಚಿಟ್ಟ ಉಂಡೆಯ ಡಬ್ಬಿಯನ್ನು ಹುಡುಕಿ ತೆಗೆಯದ ಮಗುವನ್ನು ನಾನಂತೂ ಕಂಡಿಲ್ಲ.

ಈಗ ಇಂಥ ಆಯುಧವನ್ನು ಕೊಳ್ಳುವ ಕ್ರಮ ದೀರ್ಘವಾದುದು. ಇಪ್ಪತ್ತೊಂದು ವರ್ಷ ತುಂಬಿದವರು ಜಿಲ್ಲೆಯಲ್ಲಿ ಡೆಪ್ಯುಟಿ ಕಮಿಷನರಿಗೆ, ಬೆಂಗಳೂರಿನಲ್ಲಿ ಪೋಲೀಸು ಕಮಿಷನರಿಗೆ ಅರ್ಜಿ ಹಾಕಬೇಕು. ಠಾಣೆಯವರು ವಿಚಾರಿಸಿ ವರದಿ ಕೊಡುತ್ತಾರೆ. ೯ ಮಿಲಿಮೀಟರ್, .೩೮ ಮೊದಲಾದ ಅಳತೆಯವು ಸಾಮಾನ್ಯರಿಗೆ ನಿಷಿದ್ಧ. ಗೃಹಸ್ಥರು ಬಹುಮಟ್ಟಿಗೆ ಕೊಳ್ಳುವುದು.೩೨ರ ಪಿಸ್ತೂಲನ್ನೋ ರಿವಾಲ್ವರನ್ನೋ. ಕೊಂಡ ಆಯುಧದ ನಂಬರು ಪರವಾನಗಿಯಲ್ಲಿ ದಾಖಲಾಗಬೇಕು, ತೋಟಾಗಳಿಗೂ ಲೆಕ್ಕವಿರಬೇಕು. ೨೦೧೯ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದುವು. ಆಯುಧವನ್ನು ಹಿಡಿಯುವ, ಇಡುವ ಶಿಕ್ಷಣವಾಗಬೇಕು, ಜೋಪಾನವಾಗಿಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು ಎಂಬ ಮಾತು ೨೦೧೬ರ ನಿಯಮಗಳಲ್ಲಿ ಸ್ಪಷ್ಟವಾಗಿ ಬಂದಿತು. ಹಲಗಲಿಯ ಬೆಂಕಿಯಿಂದ ಲೆಕ್ಕಹಾಕಿದರೆ ನೂರೈವತ್ತೊಂಬತ್ತು ವರ್ಷ! ಆ ಅಜ್ಜ ತನ್ನ ಪಾಡಿಗೆ ತಾನು ಮಾಡುತ್ತಿದ್ದುದನ್ನು ಸರಕಾರ ಕಾಗದದ ಮೇಲೆ ಕೇಳಿದುದು ಆಗ.

ಮುಚ್ಚಳಿಕೆಗೆ ಸಹಿ ಮಾಡುವುದು ಸುಲಭ. ಮನೆಯಲ್ಲಿ ನಡೆಯಿಸುವುದು ನಿತ್ಯದ ಶ್ರಮ. ಪಿಸ್ತೂಲಿನ ತೋಟಾಪಟ್ಟಿಯನ್ನು ಕಳಚಿದೊಡನೆ ಅದು ಖಾಲಿಯಾಯಿತೆಂದು ಹೊಸಬರು ಭ್ರಮಿಸುತ್ತಾರೆ. ನಳಿಗೆಯ ಬುಡದಲ್ಲಿ ಆಗಲೇ ಸೇರಿರುವ ಒಂದು ತೋಟಾ ಅಲ್ಲಿಯೇ ಉಳಿದಿರಬಹುದು. ಪಟ್ಟಿಯನ್ನು ತೆಗೆದ ಮೇಲೆ ಮೇಲಿನ ಜಾರುಭಾಗವನ್ನು ಹಿಂದಕ್ಕೆಳೆದು ಕಣ್ಣಾರೆ ನೋಡತಕ್ಕದ್ದು, ಅದೂ ಬಾಯನ್ನು ಮನುಷ್ಯರಿಲ್ಲದ ಕಡೆಗೆ ತಿರುಗಿಸಿ. ಖಾಲಿಮಾಡಿದ ಆಯುಧ ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ, ತೋಟಾ ಬೇರೆಡೆ ಬೇರೆ ಬೀಗದಲ್ಲಿ. ಬೀಗದಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ ಬೇಡ. ಅದು ಇಡೀ ಮನೆಗೆ ತಿಳಿದ ಗುಟ್ಟು. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಬಿಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ಒರೆಸಿ ತೆಳುವಾಗಿ ಎಣ್ಣೆ ಹಚ್ಚಬೇಕು. ಕಳುವಾದರೆ ತಡಮಾಡದೆ ಠಾಣೆಗೆ ತಿಳಿಸಬೇಕು. ಇನ್ನು ಪರವಾನಗಿ ಹೊಂದಿದವರು ತೀರಿಕೊಂಡರೆ ಆಯುಧವು ಚಿನ್ನದ ಸರದಂತೆ ಮಕ್ಕಳಿಗೆ ಇಳಿದುಬರುವುದಿಲ್ಲ. ಅದನ್ನು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಇರಿಸಿ, ಬೇಕಾದವರು ಹೊಸದಾಗಿ ಅರ್ಜಿ ಹಾಕಬೇಕು. ಎಷ್ಟೋ ಮನೆಗಳ ಹೆಂಗಸರಿಗೆ ಇದು ತಿಳಿಯದೆ, ಗಂಡನ ರಿವಾಲ್ವರು ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಉಳಿಯುತ್ತದೆ.

ದಿಂಬಿನ ಕೆಳಗಿಟ್ಟರೆ ಕಳ್ಳ ಬಂದಾಗ ಕೈಗೆ ಸಿಗುವುದು ನಿಜ. ಕಳ್ಳ ವರ್ಷದಲ್ಲಿ ಒಂದು ರಾತ್ರಿ ಬಂದಾನು, ಬರದೆಯೂ ಇದ್ದಾನು. ಮಗು ಆ ಹಾಸಿಗೆಯನ್ನು ದಿನವೂ ಹತ್ತುತ್ತದೆ. ಇದನ್ನೆಲ್ಲ ಬರೆದು, ಆ ಅಜ್ಜನ ಮಾತನ್ನೂ ಸೇರಿಸಿ, ನನ್ನ ವಿದ್ಯಾರ್ಥಿಗೆ ಒಂದು ಕಾಗದ ಹಾಕಿದೆ. ಹುಡುಗರು ಮೇಷ್ಟರ ಉಪದೇಶವನ್ನು ಪರೀಕ್ಷೆಯವರೆಗೆ ನೆನಪಿಡುತ್ತಾರೆ, ಆಮೇಲೆ ಇಲ್ಲ. ಆದುದರಿಂದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅವನು ಟೆಲಿಫೋನು ಮಾಡಿದ. ಹಬ್ಬದ ಶುಭಾಶಯ ಹೇಳಿ, ಅಡಿಕೆಯ ಧಾರಣೆಯನ್ನು ಹೇಳಿ, ಕೊನೆಗೆ ಸ್ವಲ್ಪ ನಾಚಿಕೊಂಡವನಂತೆ, "ಪೆಟ್ಟಿಗೆ ತಂದು ಗೋಡೆಗೆ ಹಾಕಿಸಿದೆ ಸಾರ್. ಎರಡು ಬೀಗ. ಅದಕ್ಕೇ ಸಿಮೆಂಟು ಕೆಲಸ ಒಂದು ವಾರ ಹಿಡಿಯಿತು. ಪಿಸ್ತೂಲು ಇನ್ನೂ ತಂದಿಲ್ಲ" ಎಂದನು.