ಸಣ್ಣ ಜಾಲ ಅನ್ವಯಗಳಲ್ಲಿ ಅನ್ಯಮೂಲ ಕೋರಿಕೆಗಳಿಗೆ ಅನುಮತಿ: ಸಾಮಾನ್ಯ ಮಾಹಿತಿ

ಒಂದು ಜಾಲತಾಣದ ಪುಟವು ಬೇರೊಂದು ಮೂಲದಲ್ಲಿರುವ ಮಾಹಿತಿಯನ್ನು ಬ್ರೌಸರಿನ ಮುಖಾಂತರ ಕೇಳುವುದನ್ನು ಅನ್ಯಮೂಲ ಕೋರಿಕೆ ಎನ್ನಲಾಗುತ್ತದೆ. ಪ್ರೋಟೋಕಾಲ್, ಡೊಮೇನ್ ಹೆಸರು ಹಾಗೂ ಪೋರ್ಟ್ ಸಂಖ್ಯೆ, ಈ ಮೂರೂ ಸೇರಿ ‘ಮೂಲ’ವೆನಿಸುತ್ತದೆ. ಇವುಗಳಲ್ಲಿ ಒಂದು ವ್ಯತ್ಯಾಸವಾದರೂ ಮೂಲವು ಬೇರೆಯೆಂದೇ ಪರಿಗಣಿತವಾಗುತ್ತದೆ. ಅನುಮತಿಯಿಲ್ಲದ ಉತ್ತರವನ್ನು ಪುಟಕ್ಕೆ ಓದಗೊಡದ ನಿಯಮವು 1990ರ ದಶಕದ ನೆಟ್‌ಸ್ಕೇಪ್ ಬ್ರೌಸರಿನಿಂದ ಬಂದುದಾಗಿದೆ. ಅನುಮತಿ ನೀಡುವ ವಿಧಾನಕ್ಕೆ ‘ಕಾರ್ಸ್’ ಎಂದು ಹೆಸರು. ಇದನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2014ರ ಜನವರಿಯಲ್ಲಿ ಶಿಫಾರಸು ಮಾಡಿತು.

ಉದಾಹರಣೆ:
ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿ ಹಾಗೂ ರಾಯಚೂರು ತಾಲ್ಲೂಕುಗಳಿಗೂ, ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗ ತಾಲ್ಲೂಕಿಗೂ ನೀರು ಒದಗಿಸುತ್ತವೆ. ನೀರು ಬಿಡುವ ದಿನಾಂಕಗಳನ್ನು ತೋರಿಸುವ ಅನ್ವಯವೊಂದರ ಪುಟವು ರಾಯಚೂರಿನ ಒಂದು ತಾಣದಲ್ಲಿಯೂ, ಅಂಕಿ-ಅಂಶಗಳು ಬೇರೊಂದು ಡೊಮೇನಿನಲ್ಲಿಯೂ ಇವೆಯೆಂದು ಭಾವಿಸೋಣ. ಅನುಮತಿ ಇಲ್ಲದಿದ್ದಲ್ಲಿ ಸರ್ವರ್ ಉತ್ತರಿಸಿದರೂ ಬ್ರೌಸರ್ ಅದನ್ನು ತಡೆಹಿಡಿಯುತ್ತದೆ. ಕಾಲುವೆಯ ಕೊನೆಯ ಭಾಗದ ರೈತರಿಗೆ ಖಾಲಿ ಪಟ್ಟಿಯಷ್ಟೇ ಕಾಣುತ್ತದೆ.

ಅನುಸರಿಸಬೇಕಾದ ಕ್ರಮಗಳು:

1. ಅನುಮತಿ ನೀಡಬೇಕಾದುದು ಮಾಹಿತಿಯನ್ನು ಹೊಂದಿರುವ ಸರ್ವರ್. ಕೇಳುವ ಪುಟವನ್ನು ತಿದ್ದುವುದರಿಂದ ಅನುಮತಿ ದೊರೆಯದು. ಸದರಿ ಸರ್ವರಿನ ಉತ್ತರದಲ್ಲಿ ‘ಆಕ್ಸೆಸ್-ಕಂಟ್ರೋಲ್-ಅಲೌ-ಆರಿಜಿನ್’ ಎಂಬ ಹೆಡರ್ ಸೇರಿಸಿ, ಪುಟದ ಮೂಲವನ್ನು ಯಥಾವತ್ತಾಗಿ ನಮೂದಿಸತಕ್ಕದ್ದು. ಕೊನೆಯಲ್ಲಿ ಓರೆಗೆರೆ ಇರಬಾರದು.

2. ಪುಟ್, ಡಿಲೀಟ್ ವಿಧಾನದ ಅಥವಾ ಜೇಸನ್ ನಮೂನೆಯಲ್ಲಿ ಮಾಹಿತಿ ಕಳುಹಿಸುವ ಕೋರಿಕೆಗೆ ಮುನ್ನ ಬ್ರೌಸರ್ ‘ಆಪ್ಷನ್ಸ್’ ಕೋರಿಕೆಯ ಮೂಲಕ ಪೂರ್ವಾನುಮತಿ ಕೇಳುತ್ತದೆ. ಸರ್ವರ್ ತಾನು ಒಪ್ಪುವ ವಿಧಾನಗಳನ್ನೂ ಹೆಡರ್‌ಗಳನ್ನೂ ತಿಳಿಸತಕ್ಕದ್ದು.

3. ಎಲ್ಲ ಮೂಲಗಳಿಗೂ ಅನುಮತಿ ನೀಡುವ ನಕ್ಷತ್ರ ಚಿಹ್ನೆಯನ್ನು, ನೀರು ಬಿಡುವ ದಿನಾಂಕದಂತಹ ಬಹಿರಂಗ ಮಾಹಿತಿಗೆ ಮಾತ್ರ ಬಳಸಬಹುದು. ಕುಕೀ ಸಹಿತವಾದ ಕೋರಿಕೆಗಳಿಗೆ ಇದು ನಡೆಯುವುದಿಲ್ಲ, ಮೂಲವನ್ನು ಹೆಸರಿಸಲೇಬೇಕು.

4. ಕೇಳಿದ ಮೂಲವನ್ನು ಪರಿಶೀಲಿಸದೆ ಹಾಗೆಯೇ ಉತ್ತರದಲ್ಲಿ ನಮೂದಿಸಿ ಕುಕೀಗಳಿಗೂ ಅನುಮತಿ ನೀಡಕೂಡದು. ಹಾಗೆ ಮಾಡಿದಲ್ಲಿ, ಲಾಗಿನ್ ಆಗಿರುವ ರೈತರ ಅರ್ಜಿ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಅಪರಿಚಿತ ಪುಟಗಳು ಓದಲು ದಾರಿಯಾಗುತ್ತದೆ. ಅನುಮತಿಸಿದ ಮೂಲಗಳ ಪಟ್ಟಿಯನ್ನಿಟ್ಟುಕೊಂಡು ತಾಳೆ ನೋಡತಕ್ಕದ್ದು.

ವಿಶೇಷ ಸೂಚನೆ:
ಈ ನಿಯಮವನ್ನು ಜಾರಿಗೊಳಿಸುವುದು ಬ್ರೌಸರ್ ಮಾತ್ರ. ಒಂದು ಸರ್ವರ್ ಮತ್ತೊಂದನ್ನು ನೇರವಾಗಿ ಸಂಪರ್ಕಿಸಿದಾಗ ಇದು ಅನ್ವಯಿಸುವುದಿಲ್ಲ. ಆದುದರಿಂದ ಕಾರ್ಸ್ ವ್ಯವಸ್ಥೆಯನ್ನು ಮಾಹಿತಿಯ ಬೀಗವೆಂದು ಭಾವಿಸಬಾರದು. ಖಾಸಗಿ ಮಾಹಿತಿಗೆ ಲಾಗಿನ್ ಹಾಗೂ ಅಧಿಕಾರದ ಪರಿಶೀಲನೆಯನ್ನು ಸರ್ವರಿನಲ್ಲಿಯೇ ಪ್ರತ್ಯೇಕವಾಗಿ ಅಳವಡಿಸುವುದು ಕಡ್ಡಾಯ.